ನಮ್ಮವರ ಚಂದ್ರಿಕೆ ತೊಳೆಯುವುದಿಲ್ಲ

ಶಿಡ್ಲಘಟ್ಟದಲ್ಲಿ ನಮ್ಮ ಅಪ್ಪನ ಬಗ್ಗೆ ಕೆಟ್ಟ ಮಾತಾಡುವವರು ಒಬ್ಬರೂ ಇಲ್ಲ. ಆ ಕೊರತೆಯನ್ನು ನಾನೇ ತುಂಬಬೇಕಾಗಿದೆ.

ಅಪ್ಪ ವ್ಯಾಪಾರಿ. ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಸ್ವಲ್ಪ ಆಚೆಗೆ ಅವನ ಅಂಗಡಿ. ರೇಷ್ಮೆಹುಳು ಸಾಕುವವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಬ್ಲೀಚಿಂಗ್ ಪೌಡರು, ಸುಣ್ಣ, ಬಲೆ, ಹುಳುವಿನ ಕೆಳಗೆ ಹಾಸುವ ಪೇಪರು, ಸೊಪ್ಪು ಕತ್ತರಿಸುವ ಕತ್ತಿ. ಹಿಂದಿನ ಶೆಡ್ಡಿನಲ್ಲಿ ಬಾಡಿಗೆಗೆ ಕೊಡುವ ಚಂದ್ರಿಕೆಗಳನ್ನು ಸೂರಿನವರೆಗೆ ಒರಗಿಸಿಟ್ಟಿರುತ್ತಾನೆ. ಚಂದ್ರಿಕೆಯೆಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕಟ್ಟಿರುತ್ತಾರೆ, ಆ ಸಂದುಗಳಲ್ಲಿ ಹುಳು ಕೂತು ನೂಲು ಬಿಡುತ್ತದೆ. ಹುಳು ಹಣ್ಣಾಗುವ ದಿನ ಎಲ್ಲರಿಗೂ ಒಟ್ಟಿಗೆ ಚಂದ್ರಿಕೆ ಬೇಕು, ಆವತ್ತು ನಮ್ಮ ಅಂಗಡಿ ಮುಂದೆ ಟೆಂಪೊಗಳ ಸಾಲು ನಿಲ್ಲುತ್ತದೆ.

ಇಷ್ಟಿದ್ದರೂ ಅಂಗಡಿ ಅವನಿಗೆ ಹೊಟ್ಟೆಪಾಡು ಅಷ್ಟೆ. ಅವನ ನಿಜವಾದ ಕಸುಬು ನೆಂಟಸ್ತಿಕೆ. ನಮ್ಮ ಜನಾಂಗದ ಹಾಸ್ಟೆಲ್ಲಿನ ಕಮಿಟಿಯಲ್ಲಿ ಅವನಿದ್ದಾನೆ, ಕಲ್ಯಾಣ ಮಂಟಪದ ಕಮಿಟಿಯಲ್ಲೂ ಇದ್ದಾನೆ. ಮದುವೆ ಕಾಲ ಬಂತೆಂದರೆ ತಿಂಡಿ ಚಿಂತಾಮಣಿಯಲ್ಲಿ, ಧಾರೆ ಚಿಕ್ಕಬಳ್ಳಾಪುರದಲ್ಲಿ, ಊಟ ಗೌರಿಬಿದನೂರಿನಲ್ಲಿ, ಸಂಜೆಯ ಆರತಕ್ಷತೆಗೆ ಮತ್ತೆ ನಮ್ಮೂರು. ಪ್ರತಿ ಮಂಟಪದಲ್ಲೂ ವೇದಿಕೆ ಹತ್ತಿ, ಗಂಡು ಹೆಣ್ಣಿನ ನಡುವೆ ತಲೆ ತೂರಿಸಿ ಫೋಟೊ ತೆಗೆಸಿಕೊಳ್ಳುತ್ತಾನೆ. ಕೆಳಗಿಳಿದವನೇ ಶರ್ಟಿನ ತೋಳು ಮಡಿಚಿ ಸಾರಿನ ಬಕೆಟ್ಟಿಗೆ ಕೈ ಹಾಕುತ್ತಾನೆ. ಬೇಡವೆಂದರೆ, "ನಮ್ಮೋರಿಗೆ ನಾವೇ ಬಡಿಸ್ಬೇಕು ಕಣಪ್ಪ" ಅನ್ನುತ್ತಾನೆ. ಅಲ್ಲಿ ಯಾರೋ ಒಬ್ಬರು ಮುದುಕರು ಅವನ ಬೆನ್ನು ತಟ್ಟುತ್ತಾರೆ. ಇದೇ ಮನುಷ್ಯ ನಮ್ಮಮ್ಮ ಜ್ವರ ಬಂದು ಮಲಗಿದ್ದಾಗ, ಅನ್ನ ಎಲ್ಲಿಟ್ಟಿದ್ದೀಯ ಎಂದು ಅವಳನ್ನೇ ಎಬ್ಬಿಸಿ ಕೇಳಿದ್ದ.

ಸಾವಿನ ಮನೆಯಲ್ಲಂತೂ ಅವನ ಹುರುಪು ನೋಡಬೇಕು. ನಮ್ಮ ಜನಾಂಗದ ಗುಂಪಿನ ವಾಟ್ಸಾಪಿನಲ್ಲಿ ಸುದ್ದಿ ಬಂದ ಕೂಡಲೇ ಸ್ಕೂಟರಿನ ಕೀಲಿ ಹುಡುಕುತ್ತಾನೆ. ಸತ್ತವರ ಮಕ್ಕಳು ಬರುವ ಮೊದಲೇ ಇವನು ಹೋಗಿ ಶಾಮಿಯಾನ ಹಾಕಿಸಿ, ಕುರ್ಚಿ ತರಿಸಿ, ಬಂದವರಿಗೆ ಕಾಫಿಯ ವ್ಯವಸ್ಥೆ ಮಾಡಿರುತ್ತಾನೆ. ನಾನು ಒಮ್ಮೆ ಅಮ್ಮನ ಹತ್ತಿರ ಇದನ್ನೆಲ್ಲ ಆಡಿಕೊಂಡಾಗ ಅವಳು ಅಕ್ಕಿ ಆರಿಸುತ್ತಾ ಹೇಳಿದಳು, "ನಿಮ್ಮಪ್ಪ ಊರಿಗೆಲ್ಲ ಒಳ್ಳೇವ್ರು ಕಣೇ. ಆ ಊರಲ್ಲಿ ನಾವಿಲ್ಲ ಅಷ್ಟೆ." ಅಮ್ಮ ಅಪ್ಪನ ವಿರುದ್ಧ ಆಡಿದ ಅತಿ ದೊಡ್ಡ ಮಾತು ಅದು.

ಅಪ್ಪನಿಗೆ ಈ ಲೋಕದಲ್ಲಿ ಇರುವುದು ಎರಡೇ ಜಾತಿ. ನಮ್ಮೋರು, ಹೊರಗಿನೋರು. ಈ ಎರಡರ ವ್ಯತ್ಯಾಸ ಅವನ ಚಂದ್ರಿಕೆ ಶೆಡ್ಡಿನಲ್ಲಿ ಕಣ್ಣಿಗೆ ಕಾಣುವಂತಿತ್ತು.

ಚಂದ್ರಿಕೆಯಲ್ಲಿ ರೋಗ ಉಳಿಯುತ್ತದೆ. ಒಂದು ಮನೆಯಲ್ಲಿ ಹಾಲುರೋಗ ಬಂದು ಹುಳು ಒಡೆದು ಸತ್ತರೆ ಅದರ ರಸ ಬಿದಿರಿಗೆ ಹತ್ತಿ ಒಣಗುತ್ತದೆ. ಆಮೇಲೆ ಆ ಚಂದ್ರಿಕೆ ಹೋದ ಮನೆಗೆಲ್ಲ ರೋಗವೂ ಹೋಗುತ್ತದೆ. ಅದಕ್ಕೇ ವಾಪಸು ಬಂದ ಚಂದ್ರಿಕೆಯನ್ನು ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಉಜ್ಜಿ, ಬಿಸಿಲಿಗೆ ಹಾಕಿ, ಕೊನೆಗೆ ಸಂದುಸಂದಿಗೂ ಬೆಂಕಿ ತೋರಿಸಬೇಕು. ಅಪ್ಪ ಇದನ್ನು ನಿಂತು ಮಾಡಿಸುತ್ತಿದ್ದ. ಒಂದು ಕಪ್ಪು ಚುಕ್ಕೆ ಕಂಡರೂ ಕೆಲಸದವನಿಗೆ ಬೈದು ಮತ್ತೆ ತೊಟ್ಟಿಗೆ ಹಾಕಿಸುತ್ತಿದ್ದ. ಈ ಸಾಹುಕಾರರ ಚಂದ್ರಿಕೆಯನ್ನು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡು ಹೋಗಬಹುದು ಎಂದು ರೈತರು ಹೇಳುತ್ತಿದ್ದರು, ಅದು ಸುಳ್ಳಲ್ಲ.

ಇದು ಹೊರಗಿನವರಿಗೆ. ನಮ್ಮವರ ಮನೆಯಿಂದ ಬಂದ ಚಂದ್ರಿಕೆಯನ್ನು ಅಪ್ಪ ತೊಳೆಸುತ್ತಿರಲಿಲ್ಲ.

ಇದು ಶುರುವಾದದ್ದು ನಮ್ಮ ದೊಡ್ಡಪ್ಪನಿಂದ. ದೊಡ್ಡಪ್ಪನೆಂದರೆ ಅಪ್ಪನ ದಾಯಾದಿ ಅಣ್ಣ, ನಮ್ಮ ಜನಾಂಗದ ಯಜಮಾನ. ಅಪ್ಪ ಅಂಗಡಿ ಇಟ್ಟ ಹೊಸದರಲ್ಲಿ ದೊಡ್ಡಪ್ಪ ಒಂದು ದಿನ ಬಂದಾಗ, ತಮ್ಮ ಮನೆಯಿಂದ ಹಿಂದಿನ ದಿನ ಬಂದಿದ್ದ ಚಂದ್ರಿಕೆಗಳು ತೊಟ್ಟಿಯಲ್ಲಿ ಮುಳುಗಿದ್ದನ್ನು ನೋಡಿದರಂತೆ. "ಯಾಕಯ್ಯಾ, ನಮ್ಮದೇನು ರೋಗದ ಮನೆನಾ?" ಎಂದು ಕೇಳಿ, ಕಾಫಿ ಕುಡಿಯದೆ ಎದ್ದು ಹೋದರಂತೆ. ಅವರ ಕೋಪ ಇಳಿಸಲು ಅಪ್ಪ ಹಣ್ಣಿನ ತಟ್ಟೆ ಹಿಡಿದುಕೊಂಡು ಅವರ ಮನೆಗೆ ಹೋಗಿದ್ದ. ಅಂದಿನಿಂದ ನಮ್ಮವರ ಚಂದ್ರಿಕೆಗೆ ಶೆಡ್ಡಿನಲ್ಲಿ ಬೇರೆ ಮೂಲೆ. ಅಲ್ಲಿಗೆ ಬಂದದ್ದು ಹಾಗೇ ಒರಗಿ ನಿಂತು, ಮತ್ತೆ ನಮ್ಮವರ ಮನೆಗೇ ಹೋಗುತ್ತಿತ್ತು. ನೆಂಟರಿಗೆ ಬಾಡಿಗೆ ಇಲ್ಲ, ಕಾಯುವುದಿಲ್ಲ, ಹುಳು ಹಣ್ಣಾಗುವುದಕ್ಕೆ ಎಷ್ಟೋ ಮೊದಲೇ ಮನೆಗೆ ತಲುಪಿಸುತ್ತಿದ್ದ. ನಮ್ಮ ನೆಂಟರ ಮನೆಗಳಲ್ಲಿ ವರ್ಷಕ್ಕೊಂದು ಗೂಡಿನ ಬೆಳೆಯಾದರೂ ಹಾಳಾಗುತ್ತಿತ್ತು. ಅವರು ಅದಕ್ಕೆ ಗಾಳಿ, ಬಿಸಿಲು, ಪಕ್ಕದ ಮನೆಯವಳ ಕಣ್ಣು ಎಂದೆಲ್ಲ ಕಾರಣ ಹುಡುಕುತ್ತಿದ್ದರು. ರೋಗವನ್ನೇ ಬಿಟ್ಟಿಯಾಗಿ ಮನೆಬಾಗಿಲಿಗೆ ತಲುಪಿಸುತ್ತಿದ್ದವನಿಗೆ ಶಾಲು ಹೊದಿಸುತ್ತಿದ್ದರು.

ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಎಡ್. ಓದುತ್ತಿದ್ದಾಗ ಅಕ್ಕ ಗಂಡನ ಮನೆ ಬಿಟ್ಟು ಬಂದಳು. ಕೈವಾರದ ಹತ್ತಿರದ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಆ ಸಂಬಂಧ ತಂದವರು ದೊಡ್ಡಪ್ಪ. ಭಾವ ಹೊಡೆಯುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಈ ಸಲ ಕೆನ್ನೆಗೆ ಬಿದ್ದ ಏಟಿಗೆ ಅವಳ ಎಡಗಿವಿಯಿಂದ ರಕ್ತ ಬಂದಿತ್ತು. ಅವಳು ಒಂದು ಚೀಲ ಹಿಡಿದು, ಕಿವಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಬೀಗರಿಗೆ ಹೇಳ್ಬಿಟ್ಟು ಬಂದ್ಯೇನಮ್ಮ?"

ಅಮ್ಮ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಪ್ಪ ದೊಡ್ಡಪ್ಪನಿಗೆ ಫೋನು ಮಾಡಿದ. ಆ ಕಿವಿ ಆಮೇಲೆ ಸರಿಯಾಗಿ ಕೇಳಿಸಲೇ ಇಲ್ಲ.

ಮರುದಿನ ದೊಡ್ಡಪ್ಪ ಬಂದು ನಮ್ಮ ಹಾಲಿನಲ್ಲಿ ಕೂತರು. ಅವರು ಗಂಭೀರವಾದಾಗ ತೆಲುಗಿಗೆ ಇಳಿಯುತ್ತಾರೆ. "ಏಮ್ಮಾ, ಮೊಗುಡನ್ನಾಕ ಒಕ ದೆಬ್ಬ ಕೊಟ್ಟಡಾ?" ಎಂದರು. ಗಂಡನೆಂದ ಮೇಲೆ ಒಂದೇಟು ಹೊಡೆಯುವುದಿಲ್ಲವೇ ಎಂದು. ಅಪ್ಪ ತಲೆಯಾಡಿಸಿದ. ಸ್ವಂತ ಮಗಳ ಕಿವಿಯಲ್ಲಿ ಹತ್ತಿ ಇದ್ದದ್ದು ಅವನ ಕಣ್ಣೆದುರಿಗೇ ಇತ್ತು. ಆ ತಲೆಯಾಡಿಸುವಿಕೆಯನ್ನು ನಾನು ಕ್ಷಮಿಸಿಲ್ಲ.

ಅಕ್ಕ ಅಳಲಿಲ್ಲ. "ಆ ಮನೆಗೆ ಇನ್ನೊಂದ್ಸಲ ಹೋದ್ರೆ ನಾನು ಉಳಿಯಲ್ಲ ದೊಡ್ಡಪ್ಪ. ದಿಬ್ಬೂರಹಳ್ಳಿ ಮನೆ ಖಾಲಿ ಬಿದ್ದಿದೆ. ತೋಟದಲ್ಲಿ ಸೊಪ್ಪಿದೆ. ಅಲ್ಲಿ ಹುಳ ಸಾಕ್ಕೊಂಡು ನನ್ನ ಪಾಡಿಗೆ ನಾನಿರ್ತೀನಿ" ಎಂದಳು. ದಿಬ್ಬೂರಹಳ್ಳಿಯಲ್ಲಿ ನಮ್ಮ ತಾತನ ಕಾಲದ ಒಂದು ಮನೆ, ಪಕ್ಕದಲ್ಲಿ ಹುಳು ಸಾಕುವ ಶೆಡ್ಡು, ಹಿಪ್ಪುನೇರಳೆ ತೋಟ ಇವೆ. ತೋಟವನ್ನು ಒಬ್ಬನಿಗೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ, ಕೊಟ್ಟಿದ್ದೆವು.

ಹಿರಿಯರು ಕೂಡಿ ಮಾತಾಡಿಕೊಂಡರು. ಗಂಡನನ್ನು ಬಿಟ್ಟು ಬಂದವಳು ಒಂಟಿಯಾಗಿದ್ದರೆ ಜನ ಏನೆಂದಾರು, ಚಿಕ್ಕವಳಿಗೆ ಗಂಡು ಯಾರು ಕೊಟ್ಟಾರು ಎಂದು ನನ್ನನ್ನೂ ಎಳೆದು ತಂದರು. ಕೊನೆಗೆ ದೊಡ್ಡಪ್ಪ ತೀರ್ಪು ಕೊಟ್ಟರು. "ಒಂದು ಬೆಳೆ ಎತ್ತಿ ತೋರಿಸ್ಲಿ. ಎತ್ತಿದ್ರೆ ದಿಬ್ಬೂರಹಳ್ಳೀಲಿ ಇರ್ಲಿ, ಯಾರೂ ಕೇಳಲ್ಲ. ಬೆಳೆ ಹೋದ್ರೆ ಬಾಯಿ ಮುಚ್ಕೊಂಡು ಗಂಡನ ಮನೆಗೆ ಹೋಗ್ಬೇಕು." ಎಂಥಾ ನ್ಯಾಯ ಎಂದು ಎಲ್ಲರೂ ತಲೆದೂಗಿದರು. ಹೆಂಗಸಿನ ಜೀವವನ್ನು ಹುಳುವಿನ ಮೇಲೆ ಪಣಕ್ಕಿಟ್ಟ ಈ ಮಹನೀಯರಲ್ಲಿ ಒಬ್ಬರೂ ಹುಳುವಿಗೆ ಕೈಯಾರೆ ಒಂದು ಹಿಡಿ ಸೊಪ್ಪು ಹಾಕಿದವರಲ್ಲ. ಅದೆಲ್ಲ ಅವರ ಮನೆಯ ಹೆಂಗಸರು ಮಾಡುತ್ತಿದ್ದ ಕೆಲಸ.

ಅಕ್ಕ ಒಪ್ಪಿದಳು. ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಇತ್ತು. ಗಂಡನ ಮನೆಯಲ್ಲಿ ಅಷ್ಟು ವರ್ಷ ಹುಳು ಸಾಕಿದ್ದವಳು ಅವಳೇ.

ದಿಬ್ಬೂರಹಳ್ಳಿಗೆ ಹೋದವಳು ಮೊದಲು ಶೆಡ್ಡಿನ ಗೋಡೆಗಳಿಗೆ ಸುಣ್ಣ ಹೊಡೆದಳು. ನೆಲ, ಹುಳು ಸಾಕುವ ತಟ್ಟೆ, ಕಿಟಕಿಯ ಜಾಲರಿ, ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದಳು. ಬಾಗಿಲಲ್ಲಿ ಸುಣ್ಣ ಹಾಕಿದ ಗೋಣಿಚೀಲ. ಅದರ ಮೇಲೆ ಕಾಲೊರೆಸದೆ ನನ್ನನ್ನೂ ಒಳಗೆ ಬಿಡುತ್ತಿರಲಿಲ್ಲ. ನಾನು ಭಾನುವಾರಗಳಂದು ಬಸ್ಸು ಹಿಡಿದು ಹೋಗುತ್ತಿದ್ದೆ. ಅವಳ ಬಲಗಡೆ ಕೂತು ಮಾತಾಡಬೇಕಾಗಿತ್ತು. ಅಲ್ಲಿ ಅವಳು ತನಗೆ ಹಸಿವಾದಾಗ ಉಣ್ಣುತ್ತಿದ್ದಳು. ಒಮ್ಮೆ ಸೊಪ್ಪು ಹಾಕಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಎಷ್ಟು ನಿಶ್ಶಬ್ದ ಇದೆ ಅಲ್ವೇನೇ ಇಲ್ಲಿ?" ಎಂದು ನಕ್ಕಳು. ಪಕ್ಕದ ಮನೆಯ ಟೀವಿ ಜೋರಾಗಿ ಕೂಗುತ್ತಿತ್ತು. ಅವಳು ಯಾವ ಸದ್ದಿನ ಬಗ್ಗೆ ಹೇಳುತ್ತಿದ್ದಾಳೆಂದು ನನಗೆ ತಿಳಿಯಿತು.

ಹುಳು ಮೂರನೇ ಜ್ವರ ಮುಗಿಸಿ ಎದ್ದಿತ್ತು. ಪೊರೆ ಬಿಡಲು ಹುಳು ಸುಮ್ಮನೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದೇ ಗಾತ್ರ, ಒಂದೇ ಬಣ್ಣ, ಹಸಿವಿನಿಂದ ಸೊಪ್ಪಿನ ಮೇಲೆ ಬಿದ್ದು ತಿನ್ನುತ್ತಿದ್ದವು. ತೋಟದವನು ಕೂಡ ನೋಡಿ, ಇಂಥಾ ಹುಳು ಈ ಶೆಡ್ಡಿನಲ್ಲಿ ಬಂದೇ ಇರಲಿಲ್ಲ ಎಂದ.

ಆ ಭಾನುವಾರ ಒಂದು ಟೆಂಪೊ ಬಂದು ಬಾಗಿಲಲ್ಲಿ ನಿಂತಿತು. ತುಂಬ ಚಂದ್ರಿಕೆ. ಹಿಂದೆಯೇ ಸ್ಕೂಟರಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ಮಗಳಿಗೆಂದು ಎಲ್ಲರಿಗಿಂತ ಮುಂಚೆ ಚಂದ್ರಿಕೆ ತಂದಿದ್ದ. ತಂದದ್ದು ಎಲ್ಲಿಂದ? ಬೀಗರ ಮನೆಯಿಂದ. ಮಗಳ ಕಿವಿ ಒಡೆದವರಿಗೆ ಇವನು ಬಿಟ್ಟಿಯಾಗಿ ಚಂದ್ರಿಕೆ ಕೊಡುವುದನ್ನು ನಿಲ್ಲಿಸಿರಲಿಲ್ಲ. ಅವರ ಬೆಳೆ ಮುಗಿದಿತ್ತು. ಅವುಗಳನ್ನು ಅಂಗಡಿಗೂ ತಾರದೆ ನೇರವಾಗಿ ಇಲ್ಲಿಗೆ ತರಿಸಿದ್ದ.

"ಬೀಗರ ಮನೆಯಿಂದ ಬಂದಿದ್ದು ನಿನ್ನ ಮನೆ ಸೇರ್ಲಿ ಅಂತ ಕಣಮ್ಮ. ಹಿಂಗೇ ಎಲ್ಲ ಸರಿ ಹೋಗುತ್ತೆ" ಎಂದ. ಚಂದ್ರಿಕೆ ಓಡಾಡಿದರೆ ಸಂಬಂಧ ಕೂಡಿಕೊಳ್ಳುತ್ತದೆ ಎನ್ನುವುದು ಅವನ ಲೆಕ್ಕಾಚಾರ. ತಾನು ಬಹಳ ಜಾಣತನ ಮಾಡಿದ್ದೇನೆಂಬ ಸಂತೋಷ ಮುಖದಲ್ಲಿ ಕುಣಿಯುತ್ತಿತ್ತು.

ಅಕ್ಕ ಒಂದು ಚಂದ್ರಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ನಾನೂ ನೋಡಿದೆ. ಸುರುಳಿಗಳ ಸಂದಿನಲ್ಲಿ ಕಪ್ಪಗೆ ಒಣಗಿ ಅಂಟಿದ ಹುಳುಗಳು, ಬಿದಿರಿನ ಮೇಲೆ ಹಾಲು ಚೆಲ್ಲಿ ಒಣಗಿದ ಹಾಗೆ ಕಲೆ. ಕೊಳೆತ ವಾಸನೆ ಇನ್ನೂ ಹೋಗಿರಲಿಲ್ಲ.

"ಅಪ್ಪ, ಇದು ಹಾಲುರೋಗ. ಇದನ್ನ ಇಳಿಸ್ಬೇಡ. ತೊಟ್ಟೀಲಿ ಬ್ಲೀಚಿಂಗ್ ಕಲಸ್ತೀನಿ, ಮೊದ್ಲು ಮುಳುಗಿಸಣ."

ಅಪ್ಪ ಟೆಂಪೊ ಓಡಿಸಿಕೊಂಡು ಬಂದಿದ್ದವನ ಕಡೆ ನೋಡಿದ. ಅವನು ಬೀಗರ ಊರಿನವನು, ಬಾಗಿಲಿಗೊರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅಪ್ಪನ ಮುಖ ಕೆಂಪಗಾಯಿತು. "ನಿನಗೇನು ಬುದ್ಧಿಗಿದ್ಧಿ ಇದೆಯೇನೇ? ಬೀಗರ ಮನೇದು ತೊಳೆದ್ರು ಅಂತ ಸಂಜೆಯೊಳಗೆ ಅಲ್ಲಿ ಸುದ್ದಿಯಾಗುತ್ತೆ. ನಾನು ಅವರಿಗೆ ಮುಖ ಹೆಂಗೆ ತೋರಿಸ್ಲಿ?"

"ಹಂಗಾದ್ರೆ ಹೊರಗೇ ಇರ್ಲಿ. ಒಳಗೆ ಬೇಡ."

"ಆ ಕಡೆ ಮೋಡ ಕಟ್ತಿದೆ. ನೆನೆದು ಹಾಳಾದ್ರೆ?"

ಅಷ್ಟು ಹೇಳಿ ತಾನೇ ಎರಡೆರಡು ಚಂದ್ರಿಕೆ ಹೆಗಲಿಗೇರಿಸಿ, ಗೋಣಿಚೀಲ ದಾಟಿಕೊಂಡು, ಚಪ್ಪಲಿ ಕಾಲಲ್ಲೇ ಶೆಡ್ಡಿನೊಳಗೆ ನುಗ್ಗಿದ. ತಟ್ಟೆಗಳ ಪಕ್ಕದ ಗೋಡೆಗೆ ದಡದಡ ಒರಗಿಸಿದ. ಪ್ರತಿ ಸಲ ಒರಗಿಸಿದಾಗಲೂ ಧೂಳು ಎದ್ದು ಹೊಸದಾಗಿ ಹಾಕಿದ ಸೊಪ್ಪಿನ ಮೇಲೆ ಇಳಿಯುತ್ತಿತ್ತು. ಅಕ್ಕ ಅವನ ತೋಳು ಹಿಡಿದು ಎಳೆದಳು. ಕೊಡವಿದ. ಮದುವೆ ಮನೆಯಲ್ಲಿ ಸಾರಿನ ಬಕೆಟ್ಟು ಹಿಡಿದಾಗ ಇರುವ ಹುರುಪೇ ಅವನಲ್ಲಿತ್ತು. ಕೆಲಸ ಮುಗಿಸಿ ಕೈ ಕೊಡವಿಕೊಂಡು, ಟೆಂಪೊದವನಿಗೆ ಕೇಳುವಂತೆ, "ನಮ್ಮೋರ ಮನೆ ಅಂದ್ಮೇಲೆ ಅನುಮಾನ ಇರಬಾರ್ದು" ಎಂದು ಹೇಳಿ ಹೋದ.

ಅವರು ತಿರುವು ದಾಟುವ ಮೊದಲೇ ನಾವು ಎಲ್ಲ ಚಂದ್ರಿಕೆಗಳನ್ನೂ ಹೊರಗೆಳೆದೆವು. ಅಕ್ಕ ಸೊಪ್ಪನ್ನೆಲ್ಲ ತೆಗೆಸಿದಳು, ಹುಳುವಿನ ಮೇಲೆ ಸುಣ್ಣ ಉದುರಿಸಿದಳು, ಬೇರೆ ತಟ್ಟೆಗೆ ದಾಟಿಸಿದಳು. ಆದರೆ ಹಸಿದ ಹುಳು ಅಷ್ಟರಲ್ಲಿ ತಿಂದಾಗಿತ್ತು.

ನಾಲ್ಕನೇ ಜ್ವರ ಎದ್ದ ಮೇಲೆ ರೋಗ ಕಾಣಿಸಿಕೊಂಡಿತು. ಹುಳು ಊದಿ, ಚರ್ಮ ಹೊಳೆಯತೊಡಗಿತು. ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದು ಬಂದು ಸುಮ್ಮನೆ ಸುತ್ತುತ್ತಿದ್ದವು. ಮುಟ್ಟಿದರೆ ಒಡೆದು ಬೆರಳಿಗೆ ಹಾಲಿನಂಥ ರಸ. ಅಕ್ಕ ಮೊದಮೊದಲು ಕಂಡಕಂಡದ್ದನ್ನು ಚಿಮಟದಲ್ಲಿ ಹೆಕ್ಕಿ ಸುಣ್ಣದ ನೀರಿಗೆ ಹಾಕುತ್ತಿದ್ದಳು. ಆಮೇಲೆ ತಟ್ಟೆಗಟ್ಟಲೆ ಹೊತ್ತು ಗುಂಡಿಗೆ ಸುರಿಯಬೇಕಾಯಿತು. ಗುಂಡಿಗೆ ಮಣ್ಣು ಎಳೆಯುವಾಗ ಅವಳು ನನ್ನ ಕಡೆ ನೋಡದೆ, "ಅವನು ನನ್ನ ಕೊಂದು ಹಾಕ್ತಾನೆ ಕಣೇ" ಎಂದಳು. ಗಂಡನ ಬಗ್ಗೆ ಹೇಳಿದ್ದು. ನನಗೆ ಆ ಗಳಿಗೆಯಲ್ಲಿ ಕೋಪ ಬಂದದ್ದು ಭಾವನ ಮೇಲಲ್ಲ. ಅವನು ಹೊಡೆಯುವವನೆಂದು ಗೊತ್ತಿತ್ತು, ಅವನಿಂದ ನಾವು ಏನನ್ನೂ ನಿರೀಕ್ಷಿಸಿರಲಿಲ್ಲ.

ಹಿರಿಯರು ಸೇರಿದ್ದು ಅಂಗಡಿಯ ಮೇಲಿನ ನಮ್ಮ ಮನೆಯಲ್ಲೇ. ಅಪ್ಪ ಚಾಪೆ, ಕುರ್ಚಿ ಹಾಕಿಸಿ, ಅಮ್ಮನ ಕೈಲಿ ಉಪ್ಪಿಟ್ಟು, ಕೇಸರಿಬಾತು ಮಾಡಿಸಿದ್ದ. ಮಗಳನ್ನು ಹೊಡೆತದ ಮನೆಗೆ ವಾಪಸು ಕಳಿಸುವ ಕಾರ್ಯಕ್ಕೂ ಸಿಹಿ. ಬೀಗರು ಬಂದರು, ಅವರ ಜೊತೆ ಭಾವ. ಅವನು ಮೂಲೆಯಲ್ಲಿ ಕೂತು ಮೊಬೈಲು ತೀಡುತ್ತಿದ್ದ. ಅಪ್ಪ ಅವನಿಗೆ ಎರಡನೇ ಸಲ ಕೇಸರಿಬಾತು ಹಾಕಿಸಿದ.

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡು, "ಬೆಳೆ ಹೋಯ್ತು. ಮಾತು ಕೊಟ್ಟಂಗೆ ನಡ್ಕೊಬೇಕಮ್ಮ" ಎಂದರು.

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. "ನನ್ನ ಸಾಕಣೆಯಿಂದ ಹೋಗಿಲ್ಲ ದೊಡ್ಡಪ್ಪ. ಇವರ ಮನೆ ಚಂದ್ರಿಕೇಲಿ ಹಾಲುರೋಗ ಇತ್ತು. ತೊಳೀದೆ ತಂದು ನನ್ನ ಶೆಡ್ಡೊಳಗೆ ಇಟ್ರು."

ಬೀಗರು ಎದ್ದು ನಿಂತರು. "ನಮ್ಮನೇಲಿ ರೋಗನಾ? ಹಿಂಗೆ ಕರೆಸಿ ಅವಮಾನ ಮಾಡ್ತೀರಾ?" ಗಲಾಟೆಯಾಯಿತು. ದೊಡ್ಡಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಅಪ್ಪನ ಕಡೆ ತಿರುಗಿದರು. "ಏನಯ್ಯಾ, ಚಂದ್ರಿಕೆ ತೊಳೆಸಿದ್ಯಾ, ಇಲ್ವಾ?"

ಇಡೀ ಮನೆ ಅಪ್ಪನ ಬಾಯಿ ನೋಡಿತು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಳು. ತಪ್ಪು ನನ್ನದು, ಹುಡುಗಿಗೆ ಇನ್ನೊಂದು ಬೆಳೆ ಕೊಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅಷ್ಟನ್ನು ಹೇಳಲು ಅವನು ದೊಡ್ಡ ಮನುಷ್ಯನಾಗಬೇಕಾಗಿರಲಿಲ್ಲ. ಬರೀ ಅಪ್ಪನಾಗಿದ್ದರೆ ಸಾಕಿತ್ತು.

ಅಪ್ಪ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. "ಅಣ್ಣಾ, ನಮ್ಮೋರ ಮನೆ ಚಂದ್ರಿಕೆನ ನಾನು ಇವತ್ತಿನವರೆಗೂ ತೊಳೆಸಿದೋನಲ್ಲ. ಪ್ರಾಣ ಇರೋವರೆಗೂ ತೊಳೆಸಲ್ಲ."

ಯಾರೋ ಭೇಷ್ ಎಂದರು. ದೊಡ್ಡಪ್ಪನ ಕಣ್ಣಲ್ಲಿ ನೀರು ಬಂತು. "ಮನುಷ್ಯ ಅಂದ್ರೆ ಇವನಪ್ಪ" ಎಂದರು. ಬೀಗರು ಮುಂದೆ ಬಂದು ಅಪ್ಪನನ್ನು ತಬ್ಬಿಕೊಂಡರು. ಬೆಳೆ ಯಾಕೆ ಹೋಯಿತೆಂಬ ಪ್ರಶ್ನೆಗೆ ಅಪ್ಪ ಆಗಷ್ಟೇ ತನ್ನ ಬಾಯಿಂದಲೇ ಉತ್ತರ ಕೊಟ್ಟಿದ್ದ. ಆ ಕೋಣೆಯಲ್ಲಿ ಒಬ್ಬ ಗಂಡಸಿಗೂ ಅದು ಕೇಳಿಸಲಿಲ್ಲ. ನನಗೆ ಹೇಸಿಗೆಯಾಯಿತು. ಇವರೆಲ್ಲರಿಗೂ ಎರಡೂ ಕಿವಿ ಚೆನ್ನಾಗಿದ್ದವು.

"ಬಟ್ಟೆ ತುಂಬ್ಕೊಳಮ್ಮ. ಗಾಡಿ ಕೆಳಗಿದೆ" ಎಂದ ಅಪ್ಪ, ತಬ್ಬಿಕೊಂಡವರ ತೋಳಿನೊಳಗಿಂದಲೇ.

ಅಕ್ಕ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅಪ್ಪ, ಹೊರಗಿನೋರಿಗಾದ್ರೆ ತೊಳೆದು ಕೊಡ್ತೀಯಲ್ಲ. ಇವತ್ತಿಂದ ನಾನೂ ಹೊರಗಿನೋಳು ಅನ್ಕೊ."

ಮೆಟ್ಟಿಲಿಳಿದು ಹೊರಟೇಬಿಟ್ಟಳು. ಭಾವ ಮೊಬೈಲಿನಿಂದ ತಲೆಯೆತ್ತುವಷ್ಟರಲ್ಲಿ ಅವಳು ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿದ್ದಳು. ಅಮ್ಮ ನನ್ನ ಕೈಗೆ ತನ್ನ ಪರ್ಸು ತುರುಕಿ ಹಿಂದೆ ಓಡಿಸಿದಳು.

ಅವಳು ಹೋದದ್ದು ಜಂಗಮಕೋಟೆಗೆ, ಹೈಸ್ಕೂಲಿನ ಗೆಳತಿಯ ಮನೆಗೆ. ಗೆಳತಿ ಆಸ್ಪತ್ರೆಯಲ್ಲಿ ನರ್ಸು, ಅವಳ ಅಣ್ಣ ಮೇಷ್ಟ್ರು. ಅವರ ಹಾಲಿನಲ್ಲಿ ದೊಡ್ಡದೊಂದು ಬುದ್ಧನ ಪಟವಿದೆ. ಅಪ್ಪ ಆ ಮನೆಗೆ ಎಷ್ಟೋ ಸಲ ಚಂದ್ರಿಕೆ ಕೊಟ್ಟಿದ್ದಾನೆ, ಚೊಕ್ಕವಾಗಿ ತೊಳೆಸಿ. ಆದರೆ ಅಲ್ಲಿ ಒಂದು ಲೋಟ ನೀರು ಕುಡಿದವನಲ್ಲ. ಅವರ ಶೆಡ್ಡು ಖಾಲಿಯಿತ್ತು. ಕೇಳಿದ ಕೂಡಲೇ ಬೀಗದ ಕೈ ಕೊಟ್ಟರು, ಯಾವ ಹಿರಿಯರನ್ನೂ ಕರೆಸಲಿಲ್ಲ.

ಅಪ್ಪ ಗುಂಪಿನ ವಾಟ್ಸಾಪಿನಲ್ಲಿ, ನನಗೆ ಇನ್ನು ಮುಂದೆ ಒಬ್ಬಳೇ ಮಗಳು ಎಂದು ಹಾಕಿದ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಯಾರ ಸಾವಿಗೂ ಅಷ್ಟು ಬಂದಿರಲಿಲ್ಲ.

ಕೆಲವು ತಿಂಗಳ ನಂತರ, ಗೂಡು ಕಟ್ಟುವ ಕಾಲ. ಅಂಗಡಿ ಮುಂದೆ ಟೆಂಪೊಗಳ ಸಾಲು. ನಾನು ಅಪ್ಪನಿಗೆ ಊಟ ಕೊಡಲು ಕೆಳಗೆ ಬಂದಿದ್ದೆ. ರೈತರ ನಡುವೆ, ತಲೆಗೆ ಟವೆಲ್ಲು ಸುತ್ತಿಕೊಂಡು ಅಕ್ಕ ಸರದಿಗೆ ಕಾಯುತ್ತಾ ನಿಂತಿದ್ದಳು. ಅವಳ ಸರದಿ ಬಂತು.

"ಸಾಹುಕಾರ್ರೇ, ಜಂಗಮಕೋಟೆಗೆ ಚಂದ್ರಿಕೆ ಬೇಕಿತ್ತು."

ಅಪ್ಪ ತಲೆಯೆತ್ತಿ ನೋಡಿದ. ಮುಖದಲ್ಲಿ ಏನೂ ತೋರಿಸಲಿಲ್ಲ. ಕೆಲಸದವನಿಗೆ ಮಾತ್ರ ಕಣ್ಣು ತುಂಬಿ ಬಂತು. ಅವನು ಅಕ್ಕನನ್ನು ಚಿಕ್ಕಂದಿನಿಂದ ಬಲ್ಲ. "ನಮ್ಮಮ್ಮನೋರು ಬಂದವ್ರೆ" ಎಂದು ಸಂಭ್ರಮದಿಂದ ಶೆಡ್ಡಿಗೆ ಓಡಿ, ಅಭ್ಯಾಸದಂತೆ ನಮ್ಮವರ ಮೂಲೆಯ ಚಂದ್ರಿಕೆಗೆ ಕೈ ಹಾಕಿದ.

"ಏ, ಅದಲ್ಲಯ್ಯ" ಎಂದು ಅಪ್ಪ ಕೂತಲ್ಲಿಂದಲೇ ಗದರಿದ. "ಅವರು ಹೊರಗಿನೋರು. ಈ ಕಡೇದು ಕೊಡು, ತೊಳೆದಿರೋದು."

ಅಕ್ಕ ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು ನೋಡಿ ಟೆಂಪೊಗೆ ಹಾಕಿಸಿದಳು. ಒಂದು ಚುಕ್ಕೆ ಇರಲಿಲ್ಲ. ಎಲ್ಲರಂತೆ ಬಾಡಿಗೆ ಕೊಟ್ಟು ಹೋದಳು. ಆ ಬೆಳೆ ಚೆನ್ನಾಗಿ ಬಂತು, ಆಮೇಲಿನವೂ ಬಂದವು. ಗೂಡು ಮಾರಲು ಅವಳು ನಮ್ಮೂರ ಮಾರ್ಕೆಟ್ಟಿಗೇ ಬರುತ್ತಾಳೆ, ಮನೆಯೊಳಗೆ ಬರುವುದಿಲ್ಲ.

ಅಪ್ಪ ಹಾಗೆ ಗದರಿದ್ದು ಬೇಕೆಂತಲೇ, ಮಗಳ ಬೆಳೆ ಉಳಿಯಲೆಂದು, ಒಳಗೊಳಗೇ ಅವಳ ಮೇಲೆ ಜೀವವಿದೆ ಎಂದು ಅಮ್ಮ ನಂಬಿದ್ದಾಳೆ. ನಂಬಿಕೊಳ್ಳಲಿ. ಅವಳು ಆ ಮನುಷ್ಯನ ಜೊತೆ ಬಾಳಬೇಕು. ನನಗೆ ಕಂಡದ್ದು ಬೇರೆ. ಅಪ್ಪ ತನ್ನ ಮಗಳಿಗೆ ಮಾಡಿದ ಒಂದೇ ಒಂದು ಉಪಕಾರ ಅದು, ಅದನ್ನು ಮಾಡಬೇಕಾದರೆ ಅವಳು ಅವನ ಮಗಳಾಗಿರಬಾರದಿತ್ತು.

ನಾನೀಗ ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಅಂಗಡಿಯ ಮೇಲಿನ ಮನೆಯಲ್ಲೇ ಇದ್ದೇನೆ. ಅಪ್ಪನಿಗೆ ನಾನು ಇನ್ನೂ ನಮ್ಮೋಳೇ. ನನಗೆ ಗಂಡು ಹುಡುಕುತ್ತಿದ್ದಾನೆ. ಮೊನ್ನೆ ದೊಡ್ಡಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಮೆಟ್ಟಿಲವರೆಗೆ ಕೇಳಿಸಿತು. "ವಿಚಾರಿಸೋದೇನು ಬಂತಣ್ಣ, ನಮ್ಮೋರೇ ತಾನೇ" ಅನ್ನುತ್ತಿದ್ದ.